ಕ್ರೂಸ್ ಹಡಗಿನಲ್ಲಿ ಹೇಗಿರಬೇಕು? ಬರೆದಿಟ್ಟರೂ ಯಾರೂ ಜಾರಿ ಮಾಡದ ನಿಯಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಕಾರ್ಡೇಲಿಯಾ, ಸಿಂಗಾಪುರದಿಂದ ಹೊರಡುವ ಮೂರು-ನಾಲ್ಕು ರಾತ್ರಿಯ ಹಡಗುಗಳು, ಅಮೆರಿಕದಲ್ಲಿರುವ ಮಕ್ಕಳು ಊರಿನಿಂದ ಬಂದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವ ಬಹಾಮಾಸ್, ಅಲಾಸ್ಕಾ ಪ್ರವಾಸಗಳು: ಕ್ರೂಸ್ ಹತ್ತುವ ಕನ್ನಡಿಗರು ಈಗ ಸಾಕಷ್ಟಿದ್ದಾರೆ. ಟಿಕೆಟ್, ವೀಸಾ ಬಗ್ಗೆ ಎಲ್ಲ ಕಡೆ ಮಾಹಿತಿ ಸಿಗುತ್ತದೆ. ಹಡಗಿನೊಳಗೆ ಹೇಗೆ ನಡೆದುಕೊಳ್ಳಬೇಕು ಎಂದು ಕೇಳುವವರು ಹೆಚ್ಚು, ಹೇಳುವವರು ಕಡಿಮೆ. ಹೊರಡುವ ಮುಂಚೆ ಸ್ನೇಹಿತರು, ನೆಂಟರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ನಿಯಮ ಬೋರ್ಡಿನಲ್ಲಿ ಬರೆದಿರುತ್ತದೆ. ಹಾಗಿದ್ದೂ ಹಡಗಿನವರು ಯಾಕೆ ಸುಮ್ಮನಿರುತ್ತಾರೆ?

ಜಾರಿ ಮಾಡಬೇಕಾದವರು ಯಾರು ಎಂದು ಒಮ್ಮೆ ನೋಡಿ. ಈಜುಕೊಳದ ಪಕ್ಕ ಟವೆಲ್ ಕೊಡುವ ಹುಡುಗ ಆರರಿಂದ ಒಂಬತ್ತು ತಿಂಗಳ ಗುತ್ತಿಗೆಯ ಮೇಲೆ ಬಂದಿರುತ್ತಾನೆ. ಪ್ರವಾಸ ಮುಗಿದ ಮೇಲೆ ಪ್ರಯಾಣಿಕರಿಗೆ ಅಭಿಪ್ರಾಯ ಕೇಳುವ ಇಮೇಲ್ ಹೋಗುತ್ತದೆ. ಅದರಲ್ಲಿ ಅಂಕ ಕಡಿಮೆಯಾದರೆ ಅವನ ವಿಭಾಗಕ್ಕೆ ಕೆಟ್ಟ ಹೆಸರು. ಹಣ ಕೊಟ್ಟು ಬಂದವರಿಗೆ 'ಹೀಗೆ ಮಾಡಬೇಡಿ' ಎನ್ನುವ ಧೈರ್ಯ ಅವನಿಗೆಲ್ಲಿಂದ ಬರಬೇಕು? ನಕ್ಕು ಸುಮ್ಮನಾಗುತ್ತಾನೆ.

ಸುರಕ್ಷತೆಯ ವಿಷಯ ಬಂದಾಗ ಮಾತ್ರ ಇದೇ ಹಡಗು ತುಂಬ ಕಟ್ಟುನಿಟ್ಟು. ಮುಂದಿನ ಬಂದರಿನಲ್ಲಿ ಪ್ರಯಾಣಿಕರನ್ನು ಇಳಿಸಿ ಕಳಿಸುವ ಅಧಿಕಾರ ಕ್ಯಾಪ್ಟನ್‌ಗೆ ಇದೆ. 2019ರಲ್ಲಿ ರಾಯಲ್ ಕೆರಿಬಿಯನ್ ಹಡಗೊಂದರಲ್ಲಿ ಫೋಟೋಗೋಸ್ಕರ ಬಾಲ್ಕನಿಯ ಕಂಬಿಯ ಮೇಲೆ ಹತ್ತಿ ನಿಂತ ಮಹಿಳೆಯನ್ನು ಇಳಿಸಿ, ಜೀವನಪರ್ಯಂತ ಆ ಕಂಪನಿಯ ಹಡಗು ಹತ್ತದಂತೆ ಮಾಡಿದರು. ಹೀಗೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇರುವುದರಿಂದ, ಸಡಿಲ ಬಿಟ್ಟ ನಿಯಮ ಮುಖ್ಯವಲ್ಲ ಎಂದು ಜನ ತಿಳಿದುಬಿಡುತ್ತಾರೆ. ನನ್ನ ತಕರಾರು ಇರುವುದೇ ಇಲ್ಲಿ. ಯಾರೂ ಹೇಳದ ನಿಯಮವನ್ನು ಮುರಿದಾಗ ಹಡಗಿನ ಕಂಪನಿಗೆ ಏನೂ ಆಗುವುದಿಲ್ಲ. ಅದರ ಬೆಲೆ ತೆರುವವರು ಪಕ್ಕದ ಕ್ಯಾಬಿನ್‌ನವರು, ಇಲ್ಲವೇ ಆ ಟವೆಲ್ ಹುಡುಗ.

ಬೆಳಿಗ್ಗೆ ಎದ್ದು ಈಜುಕೊಳದ ಪಕ್ಕದ ಕುರ್ಚಿಗಳಿಗೆ ಟವೆಲ್ ಹಾಕಿ ಇಟ್ಟುಕೊಳ್ಳಬಹುದೇ?

ಇಟ್ಟುಕೊಳ್ಳಬಾರದು. ಕ್ರೂಸ್‌ನಲ್ಲಿ ಅತಿ ಹೆಚ್ಚು ಜಗಳಕ್ಕೆ ಕಾರಣ ಇದೇ. ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವ ಅಭ್ಯಾಸ ನಮಗೆ ಗೊತ್ತಿರುವುದೇ. ಆದರೆ ಕರ್ಚೀಫು ಹಾಕಿದವರು ಎರಡು ನಿಮಿಷದಲ್ಲಿ ಹತ್ತಿ ಬಂದು ಕೂರುತ್ತಾರೆ. ಇಲ್ಲಿ ಹಾಗಲ್ಲ.

ಕಡಲಲ್ಲೇ ಕಳೆಯುವ ದಿನ, ಅಂದರೆ ಯಾವ ಬಂದರೂ ಇಲ್ಲದ ದಿನ, ಬೆಳಿಗ್ಗೆ ಏಳು ಗಂಟೆಗೆ ಮೇಲಿನ ಡೆಕ್‌ಗೆ ಹೋಗಿ ನೋಡಿ. ನೆರಳಿರುವ ಸಾಲಿನ ಉದ್ದಕ್ಕೂ ಕುರ್ಚಿಗಳ ಮೇಲೆ ಮಡಚಿದ ಟವೆಲ್ಲು, ಒಂದರ ಮೇಲೆ ಅರ್ಧ ಓದಿದ ಪುಸ್ತಕ, ಇನ್ನೊಂದರ ಮೇಲೆ ಒಂಟಿ ಚಪ್ಪಲಿ, ಮತ್ತೊಂದರಲ್ಲಿ ಖಾಲಿಯಾಗಿರುವ ಸನ್‌ಸ್ಕ್ರೀನ್ ಬಾಟಲಿ. ಮನುಷ್ಯರು ಮಾತ್ರ ಯಾರೂ ಇಲ್ಲ. ಅವರೆಲ್ಲ ತಿಂಡಿ ಮುಗಿಸಿ, ಸ್ನಾನ ಮಾಡಿ, ಒಂದು ನಿದ್ದೆ ತೆಗೆದು ಹನ್ನೊಂದಕ್ಕೆ ಬರುತ್ತಾರೆ. ಅಷ್ಟು ಹೊತ್ತು ಮಂಡಿನೋವಿನ ಅಜ್ಜಿಯೊಬ್ಬರು ಮೊಮ್ಮಗಳ ಕೈ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಜಾಗ ಹುಡುಕುತ್ತಾ ನಡೆಯುತ್ತಿರುತ್ತಾರೆ.

ಕಂಪನಿಗಳಿಗೆ ಇದು ಗೊತ್ತಿದೆ. ಕಾರ್ನಿವಲ್ ಹಡಗುಗಳಲ್ಲಿ 40 ನಿಮಿಷ, ರಾಯಲ್ ಕೆರಿಬಿಯನ್‌ನಲ್ಲಿ 30 ನಿಮಿಷ ಎಂಬ ಮಿತಿ ಇದೆ. ಯಾರೂ ಇಲ್ಲದ ಕುರ್ಚಿಗೆ ಸಿಬ್ಬಂದಿ ಸಮಯ ಬರೆದ ಚೀಟಿ ಅಂಟಿಸಬೇಕು, ಅವಧಿ ಮುಗಿದರೆ ಸಾಮಾನನ್ನು ತೆಗೆದು ಟವೆಲ್ ಕೌಂಟರಿನಲ್ಲಿ ಇಡಬೇಕು. ಕೆಲವು ಹಡಗುಗಳಲ್ಲಿ ಇದು ನಿಜವಾಗಿ ನಡೆಯುತ್ತದೆ. ಬಹಳ ಕಡೆ ಬೋರ್ಡು ಮಾತ್ರ ಇರುತ್ತದೆ.

ಹತ್ತು ಜನರ ಬಳಗದಲ್ಲಿ ಹೋದಾಗ ಒಬ್ಬರು ಕುಳಿತು ಉಳಿದ ಒಂಬತ್ತು ಕುರ್ಚಿ ಕಾಯುವುದೂ ಇದೇ ಸಾಲಿಗೆ ಸೇರುತ್ತದೆ. ಇದ್ದವರಿಗೆ ಇದ್ದಷ್ಟು ಕುರ್ಚಿ. ನೀರಿಗೆ ಇಳಿಯುವಾಗ, ಶೌಚಾಲಯಕ್ಕೆ ಹೋಗುವಾಗ, ಒಂದು ತಟ್ಟೆ ತಿಂಡಿ ತರುವಾಗ ಟವೆಲ್ ಬಿಟ್ಟು ಹೋದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಬೇರೆಯವರು ಬಿಟ್ಟುಹೋದ ಟವೆಲ್ ತೆಗೆದು ನಾನೇ ಕುಳಿತರೆ?

ಬೇಡ. ಸಿಬ್ಬಂದಿಯನ್ನು ಕರೆದು 'ಇಷ್ಟು ಹೊತ್ತಿನಿಂದ ಇಲ್ಲಿ ಯಾರೂ ಇಲ್ಲ, ಕುರ್ಚಿ ಬಿಡಿಸಿಕೊಡಿ' ಎಂದು ಕೇಳಿ. ಒಬ್ಬ ಪ್ರಯಾಣಿಕರು ಬಾಯಿಬಿಟ್ಟು ಕೇಳಿದಾಗ ಅವರಿಗೂ ಕೆಲಸ ಸುಲಭ, ಯಾಕೆಂದರೆ ಆಗ ಅದು ಅವರ ಸ್ವಂತ ನಿರ್ಧಾರ ಆಗಿರುವುದಿಲ್ಲ.

ಹತ್ತಿದ ದಿನವೇ ಸುರಕ್ಷತಾ ಡ್ರಿಲ್ ಎನ್ನುತ್ತಾರೆ. ಹೋಗಲೇಬೇಕೇ?

ಹೋಗಲೇಬೇಕು. ಬರೀ ಹಾಜರಿ ಹಾಕಿ ಬಂದರೆ ಸಾಲದು, ನಿಮ್ಮ ಮಸ್ಟರ್ ಸ್ಟೇಷನ್, ಅಂದರೆ ತುರ್ತು ಹೊತ್ತಿನಲ್ಲಿ ನೀವು ಹೋಗಿ ಸೇರಬೇಕಾದ ಜಾಗ, ಎಲ್ಲಿದೆ ಎಂದು ಕಣ್ಣಿಂದ ನೋಡಿ ಬರಬೇಕು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಗ್ಲಿಯೋ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ತಾಗಿ ವಾಲಿತು. 32 ಜನ ಸತ್ತರು. ಅದೇ ಸಂಜೆ ಚಿವಿಟವೆಕ್ಕಿಯ ಬಂದರಿನಲ್ಲಿ ಹತ್ತಿದ ನೂರಾರು ಪ್ರಯಾಣಿಕರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕು ಎಂದು ಆಗಿನ ಅಂತಾರಾಷ್ಟ್ರೀಯ ನಿಯಮ ಹೇಳುತ್ತಿತ್ತು. ದುರಂತದ ಬಳಿಕ ಅದನ್ನು ತಿದ್ದಿದರು. 2015ರಿಂದ, ಹಡಗು ಹೊರಡುವ ಮುಂಚೆ ಅಥವಾ ಹೊರಟ ತಕ್ಷಣ ಡ್ರಿಲ್ ಆಗಬೇಕು.

ಈಗ ಬಹಳಷ್ಟು ಹಡಗುಗಳಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲಬೇಕಾಗಿಲ್ಲ. ಫೋನಿನಲ್ಲೋ ಕ್ಯಾಬಿನ್ ಟಿವಿಯಲ್ಲೋ ವೀಡಿಯೊ ನೋಡಿ, ನಿಮ್ಮ ಸ್ಟೇಷನ್‌ಗೆ ಹೋಗಿ ಕಾರ್ಡು ಸ್ಕ್ಯಾನ್ ಮಾಡಿಸಿದರೆ ಮುಗಿಯಿತು. ಸ್ಕ್ಯಾನ್ ಮಾಡಿದ್ದಾರೋ ಇಲ್ಲವೋ ಎಂದು ಸಿಬ್ಬಂದಿ ಬಿಡದೆ ನೋಡುತ್ತಾರೆ. ವೀಡಿಯೊವನ್ನು ಮನಸ್ಸಿಟ್ಟು ನೋಡಿದ್ದೀರಾ ಎಂದು ನೋಡುವವರಿಲ್ಲ. ಟಿವಿ ಓಡಲು ಬಿಟ್ಟು ಬಟ್ಟೆ ಜೋಡಿಸುತ್ತಾ ಕುಳಿತರೆ ಯಾರಿಗೂ ತಿಳಿಯುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಸೈರನ್ ಕೂಗಿದರೆ ತುರ್ತು ಪರಿಸ್ಥಿತಿ ಎಂದರ್ಥ. ಮನೆಯ ಹಿರಿಯರಿಗೂ ಮಕ್ಕಳಿಗೂ ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಸ್ಟೇಷನ್‌ಗೆ ಮೆಟ್ಟಿಲ ದಾರಿಯಲ್ಲಿ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ಅವಘಡದ ಹೊತ್ತಿನಲ್ಲಿ ಲಿಫ್ಟ್ ಬಳಸುವ ಹಾಗಿಲ್ಲ.

ಬಾಲ್ಕನಿ ನಮ್ಮದೇ ತಾನೆ, ಅಲ್ಲಿ ಸಿಗರೇಟು ಸೇದಿದರೆ ಯಾರಿಗೆ ಗೊತ್ತಾಗುತ್ತದೆ?

ಪಕ್ಕದ ಬಾಲ್ಕನಿಯವರಿಗೆ ಕೂಡಲೇ ಗೊತ್ತಾಗುತ್ತದೆ. ಹೊಗೆಯ ವಾಸನೆಗಿಂತ ದೊಡ್ಡ ವಿಷಯ ಬೆಂಕಿ. 2006ರ ಮಾರ್ಚ್ 23ರಂದು ಜಮೈಕಾದ ಮಾಂಟೆಗೊ ಬೇ ಕಡೆ ಹೊರಟಿದ್ದ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಯೊಂದರಲ್ಲಿ ನಸುಕಿನಲ್ಲಿ ಬೆಂಕಿ ಹತ್ತಿಕೊಂಡಿತು. ಬಾಲ್ಕನಿಗಳ ನಡುವಿನ ಪಾಲಿಕಾರ್ಬೊನೇಟ್ ತಡಿಕೆಗಳು ಉರಿದು, ಬೆಂಕಿ ಮೇಲಿನ ಡೆಕ್‌ಗಳಿಗೂ ಹಬ್ಬಿತು. ಒಬ್ಬ ಪ್ರಯಾಣಿಕರು ತೀರಿಕೊಂಡರು. ಯಾರೋ ಎಸೆದ ಸಿಗರೇಟಿನಿಂದಲೇ ಶುರುವಾಗಿರುವ ಸಾಧ್ಯತೆ ಹೆಚ್ಚು ಎಂದು ತನಿಖೆ ಹೇಳಿತು. ಸಮುದ್ರಕ್ಕೆ ಎಸೆದ ಸಿಗರೇಟು ಸಮುದ್ರಕ್ಕೇ ಬೀಳುತ್ತದೆ ಎಂಬ ಖಾತರಿ ಇಲ್ಲ. ಚಲಿಸುವ ಹಡಗಿನ ಗಾಳಿ ಅದನ್ನು ಕೆಳಗಿನ ಯಾವುದೋ ಬಾಲ್ಕನಿಯೊಳಗೆ ತಳ್ಳಬಹುದು.

ಈಗ ಬಹುತೇಕ ಕಂಪನಿಗಳಲ್ಲಿ ಬಾಲ್ಕನಿಯಲ್ಲಿ ಧೂಮಪಾನ ನಿಷಿದ್ಧ. ಸಿಕ್ಕಿಬಿದ್ದರೆ ನೂರಾರು ಡಾಲರ್ ದಂಡವನ್ನು ಹಡಗಿನಲ್ಲಿ ನಿಮ್ಮ ಖರ್ಚು ಬರೆದಿಡುವ ಖಾತೆಗೇ ಹಾಕುತ್ತಾರೆ. ಸೇದುವವರಿಗೆ ಡೆಕ್‌ನಲ್ಲಿ ಬೇರೆ ಜಾಗ ಇರುತ್ತದೆ.

ದೇವರ ಫೋಟೋ ಇಟ್ಟು ದೀಪ, ಊದುಬತ್ತಿ ಹಚ್ಚಬಹುದೇ?

ಫೋಟೋ ಇಡಿ, ಸ್ತೋತ್ರ ಹೇಳಿಕೊಳ್ಳಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಉರಿಯುವ ಯಾವುದೂ ಬೇಡ. ಮೇಣದಬತ್ತಿ, ಊದುಬತ್ತಿ ಎರಡೂ ನಿಷಿದ್ಧ ವಸ್ತುಗಳ ಪಟ್ಟಿಯಲ್ಲಿವೆ, ಕರ್ಪೂರ, ಎಣ್ಣೆ ದೀಪಕ್ಕೂ ಅದೇ ಮಾತು. ಹಡಗಿನಲ್ಲಿ ಎಲ್ಲರೂ ಅತಿಯಾಗಿ ಹೆದರುವುದು ಬೆಂಕಿಗೆ, ಯಾಕೆಂದರೆ ಓಡಿಹೋಗಲು ಹೊರಗಡೆ ಎಂಬುದು ಇಲ್ಲ. ಬ್ಯಾಟರಿ ದೀಪ ತೆಗೆದುಕೊಂಡು ಹೋಗಿ. ಹಿರಿಯರೊಬ್ಬರ ಅಸ್ಥಿ, ಚಿತಾಭಸ್ಮವನ್ನು ಸಮುದ್ರಕ್ಕೆ ಬಿಡಬೇಕೆಂದಿದ್ದರೆ ಬುಕಿಂಗ್ ಸಮಯದಲ್ಲೇ ಕಂಪನಿಯನ್ನು ಕೇಳಿ. ಕರಗುವ ಪಾತ್ರೆಯಲ್ಲಿ, ಅವರು ಹೇಳಿದ ಜಾಗ ಮತ್ತು ಹೊತ್ತಿನಲ್ಲಿ ಬಿಡಲು ಹಲವು ಕಂಪನಿಗಳು ಒಪ್ಪುತ್ತವೆ. ಹೇಳದೆ ಕೇಳದೆ ಬಾಲ್ಕನಿಯಿಂದ ಬಿಡುವುದು ಸರಿಯಲ್ಲ. ಪೂಜೆಯ ಹೂವನ್ನು ಪ್ಲಾಸ್ಟಿಕ್ ಚೀಲದ ಸಮೇತ ಎಸೆಯುವುದಂತೂ ಅಪರಾಧ. ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಮಾರ್ಪೋಲ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ಹಡಗಿನಿಂದ ಯಾವ ಸಮುದ್ರಕ್ಕೂ ಪ್ಲಾಸ್ಟಿಕ್ ಹಾಕುವಂತಿಲ್ಲ.

ಒಗೆದ ಬಟ್ಟೆಯನ್ನು ಬಾಲ್ಕನಿಯಲ್ಲಿ ಒಣಗಿಸಬಹುದೇ?

ಇಲ್ಲ. ಹಾರಿಹೋಗುತ್ತದೆ, ಹಾರಿಹೋಗಿ ಬೇರೆಯವರ ಮೇಲೆ ಬೀಳುತ್ತದೆ. ಸ್ನಾನದ ಮನೆಯಲ್ಲಿ ಎಳೆದು ಕಟ್ಟುವ ಹಗ್ಗ ಇರುತ್ತದೆ, ಅದನ್ನು ಬಳಸಿ.

ಎಲೆಕ್ಟ್ರಿಕ್ ಕುಕ್ಕರ್, ಕೆಟಲ್, ಚಟ್ನಿಪುಡಿ, ಉಪ್ಪಿನಕಾಯಿ ತರಬಹುದೇ?

ಕುಕ್ಕರ್, ಇಸ್ತ್ರಿಪೆಟ್ಟಿಗೆ, ಬಿಸಿ ಮಾಡುವ ಯಾವ ಸಾಧನವೂ ಬೇಡ, ಹತ್ತುವಾಗಲೇ ತೆಗೆದಿಟ್ಟುಕೊಂಡು ಕೊನೆಯ ದಿನ ಕೊಡುತ್ತಾರೆ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡು ಕೂಡ ಬಿಡುವುದಿಲ್ಲ, ಹಡಗಿನ ವಿದ್ಯುತ್ ವ್ಯವಸ್ಥೆ ಮನೆಯದರಂತಲ್ಲ. ಕಂಪನಿ ಪ್ಯಾಕ್ ಮಾಡಿದ, ಸೀಲ್ ಒಡೆಯದ ಪೊಟ್ಟಣಗಳಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಮನೆಯಲ್ಲಿ ಮಾಡಿದ ಪುಳಿಯೋಗರೆ ಗೊಜ್ಜು, ಚಪಾತಿಗೆ ಹೆಚ್ಚಿನ ಕಡೆ ಅನುಮತಿ ಇಲ್ಲ. ಚೀಲ ತಪಾಸಣೆಯಲ್ಲಿ ಹಲವು ಸಲ ಸುಮ್ಮನೆ ಬಿಟ್ಟುಬಿಡುತ್ತಾರೆ ಎನ್ನುವುದು ನಿಜ, ಅದನ್ನೇ ನಂಬಿ ಪೆಟ್ಟಿಗೆ ತುಂಬಬೇಡಿ.

ಬೇಳೆ, ಅನ್ನ, ಪಲ್ಯ ಇಲ್ಲದೆ ಆಗುವುದಿಲ್ಲ ಎನ್ನುವವರಿಗೆ ಒಳ್ಳೆಯ ದಾರಿ ಇದೆ. ದೊಡ್ಡ ಊಟದ ಹಾಲ್‌ನಲ್ಲಿ ನಿಮ್ಮ ಮೇಜು ನೋಡಿಕೊಳ್ಳುವ ಹೆಡ್ ವೇಟರ್‌ಗೆ ಮೊದಲ ರಾತ್ರಿಯೇ ಹೇಳಿ. ಅಡುಗೆಮನೆಯಲ್ಲಿ ಭಾರತದವರು ಬಹಳಷ್ಟು ಜನ ಕೆಲಸ ಮಾಡುತ್ತಾರೆ. ಮರುದಿನಕ್ಕೆ ಭಾರತೀಯ ಸಸ್ಯಾಹಾರ ಬೇಕೆಂದರೆ ಹಲವು ಹಡಗುಗಳಲ್ಲಿ ಸಂತೋಷದಿಂದ ಮಾಡಿಕೊಡುತ್ತಾರೆ. ಈರುಳ್ಳಿ-ಬೆಳ್ಳುಳ್ಳಿ ಬೇಡ ಎಂಬುದನ್ನೂ ಹಿಂದಿನ ದಿನವೇ ಹೇಳಬೇಕು. ಮೇಜಿಗೆ ಬಂದು ಕುಳಿತ ಮೇಲೆ ಕೇಳಿದರೆ ವೇಟರ್‌ಗೆ ಪೇಚಾಟ.

ಬಫೆಯಲ್ಲಿ ಕೈಯಿಂದ ತಿಂದರೆ ಅಸಭ್ಯವೇ?

ಖಂಡಿತ ಅಲ್ಲ. ನಿಮ್ಮ ತಟ್ಟೆಯಲ್ಲಿರುವುದನ್ನು ನಿಮ್ಮ ಕೈಯಿಂದ ಸಂಕೋಚವಿಲ್ಲದೆ ತಿನ್ನಿ. ಬಡಿಸಿಕೊಳ್ಳುವ ಜಾಗದ ಶಿಸ್ತು ಬೇರೆ. ಬ್ರೆಡ್ಡನ್ನಾಗಲಿ ಹಣ್ಣನ್ನಾಗಲಿ ಇಕ್ಕಳದಿಂದಲೇ ಎತ್ತಬೇಕು. ತಿಂದ ತಟ್ಟೆ ತೆಗೆದುಕೊಂಡು ಎರಡನೇ ಸಲ ಹೋಗಬಾರದು, ಹೊಸ ತಟ್ಟೆ ತೆಗೆದುಕೊಳ್ಳಿ.

ಬಾಗಿಲಲ್ಲಿ ಸ್ಯಾನಿಟೈಸರ್ ಹಾಕಿಸಿಕೊಂಡರೆ ಸಾಕು ಎಂದು ತುಂಬ ಜನ ನಂಬಿದ್ದಾರೆ. ಹಡಗುಗಳಲ್ಲಿ ವಾಂತಿ-ಭೇದಿ ಹರಡುವ ನೊರೊವೈರಸ್ ಆಲ್ಕೊಹಾಲ್ ಸ್ಯಾನಿಟೈಸರ್‌ಗೆ ಅಷ್ಟಾಗಿ ಬಗ್ಗುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡು ಉಜ್ಜಿ ತೊಳೆಯುವುದೇ ಮದ್ದು. ಹೊಸ ಹಡಗುಗಳಲ್ಲಿ ಬಫೆ ಬಾಗಿಲಲ್ಲೇ ಕೈ ತೊಳೆಯುವ ಬೇಸಿನ್‌ಗಳ ಸಾಲು ಇರುತ್ತದೆ. ಹತ್ತು ನಿಮಿಷ ಅಲ್ಲಿ ನಿಂತು ನೋಡಿದರೆ ಅರ್ಥವಾಗುತ್ತದೆ: ಸಿಬ್ಬಂದಿ ನಗುತ್ತಾ, ಕೆಲವರು ಹಾಡುತ್ತಾ ಕರೆಯುತ್ತಿರುತ್ತಾರೆ, ಬಹಳ ಜನ ಬೇಸಿನ್ ಪಕ್ಕದಿಂದಲೇ ನುಸುಳಿ ನೇರ ತಟ್ಟೆಯ ಕಡೆ ನಡೆಯುತ್ತಾರೆ. ಅವರ ಹಿಂದೆ ಹೋಗಿ ತಡೆಯುವವರು ಯಾರೂ ಇಲ್ಲ. ಆಮೇಲೆ ಅದೇ ಕೈಗಳು ಸಾರಿನ ಸೌಟು ಹಿಡಿಯುತ್ತವೆ. ಕೈಯಲ್ಲಿ ಊಟ ಮಾಡುವ ನಾವು ಬಡಿಸಿಕೊಂಡು ಬಂದು ಕೂರುವ ಮುಂಚೆ ಇನ್ನೊಮ್ಮೆ ತೊಳೆದುಕೊಳ್ಳುವುದು ಒಳ್ಳೆಯದು.

ಹೊಟ್ಟೆ ಕೆಟ್ಟರೆ ಹಡಗಿನ ಡಾಕ್ಟರಿಗೆ ಹೇಳಬೇಕೇ? ಕ್ಯಾಬಿನ್‌ನಲ್ಲೇ ಕೂಡಿಹಾಕುತ್ತಾರಂತೆ.

ಹೇಳಬೇಕು. ಹೌದು, ಒಂದೆರಡು ದಿನ ಕ್ಯಾಬಿನ್‌ನಲ್ಲೇ ಇರಿ ಎನ್ನುತ್ತಾರೆ, ಊಟ ಅಲ್ಲಿಗೇ ಬರುತ್ತದೆ. ಹಣ ಕೊಟ್ಟು ಬಂದ ಪ್ರವಾಸ ಹಾಳಾಯಿತಲ್ಲ ಎಂಬ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಮುಚ್ಚಿಟ್ಟು ಬಫೆಗೆ ಹೋಗುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅಲ್ಲಿ ಎಂಬತ್ತು ದಾಟಿದವರು, ಕೀಮೋ ಮುಗಿಸಿ ಬಂದವರು, ಬಸುರಿಯರು ಇರುತ್ತಾರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ತನ್ನ ವ್ಯಾಪ್ತಿಗೆ ಬರುವ ಹಡಗುಗಳ ಲೆಕ್ಕ ಇಡುತ್ತದೆ. ಪ್ರಯಾಣಿಕರಲ್ಲಾಗಲಿ ಸಿಬ್ಬಂದಿಯಲ್ಲಾಗಲಿ ಶೇ. 3 ಅಥವಾ ಅದಕ್ಕಿಂತ ಹೆಚ್ಚು ಜನ ಹೊಟ್ಟೆಯ ಕಾಯಿಲೆ ಎಂದು ವರದಿ ಮಾಡಿದರೆ ಆ ಹಡಗಿನ ಹೆಸರನ್ನು ಪ್ರಕಟಿಸುತ್ತದೆ. ಈ ಲೆಕ್ಕವೆಲ್ಲ ನಿಂತಿರುವುದು ಕಾಯಿಲೆಯಾದವರು ಬಂದು ಹೇಳುತ್ತಾರೆ ಎಂಬ ನಂಬಿಕೆಯ ಮೇಲೆ.

ಮಗುವಿಗೆ ಈಜುವ ಡಯಾಪರ್ ಹಾಕಿ ಕೊಳಕ್ಕೆ ಇಳಿಸಬಹುದೇ?

ದೊಡ್ಡ ಕೊಳಗಳಿಗೂ ಬಿಸಿನೀರಿನ ತೊಟ್ಟಿಗಳಿಗೂ ಇಳಿಸುವಂತಿಲ್ಲ, ಈಜುವ ಡಯಾಪರ್ ಇದ್ದರೂ ಅಷ್ಟೆ. ಕೆಲವು ಹಡಗುಗಳಲ್ಲಿ ಪುಟ್ಟ ಮಕ್ಕಳಿಗೆಂದೇ ಬೇರೆ ನೀರಾಟದ ಜಾಗ ಇರುತ್ತದೆ, ಅಲ್ಲಿಗೆ ಕರೆದುಕೊಂಡು ಹೋಗಿ.

ಟಿಪ್ಸ್ ತೆಗೆಸಿಬಿಡಬಹುದು ಎನ್ನುತ್ತಾರೆ. ನಿಜವೇ?

ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಒಬ್ಬರಿಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಟಿಪ್ಸ್ ನಿಮ್ಮ ಖಾತೆಗೆ ತಾನಾಗಿಯೇ ಸೇರುತ್ತದೆ. ನಾಲ್ಕು ಜನರ ಕುಟುಂಬಕ್ಕೆ ಏಳು ರಾತ್ರಿಗೆ ಕಡಿಮೆಯೆಂದರೂ 450 ಡಾಲರಿನ ಹತ್ತಿರ. ಕೌಂಟರಿಗೆ ಹೋಗಿ ತೆಗೆಸಿ ಎಂದರೆ ಅನೇಕ ಕಡೆ ತೆಗೆಯುತ್ತಾರೆ. ಕೊನೆಯ ರಾತ್ರಿ ಅದಕ್ಕಾಗಿಯೇ ಸಾಲು ನಿಲ್ಲುವವರಿದ್ದಾರೆ.

ತೆಗೆಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಆ ಹಣ ಕ್ಯಾಬಿನ್ ಶುಚಿ ಮಾಡುವವರು, ವೇಟರುಗಳು, ನಿಮ್ಮ ಕಣ್ಣಿಗೆ ಬೀಳದೆ ಹಿಂದೆ ದುಡಿಯುವವರ ಆದಾಯದ ಭಾಗ. ಅಂತಾರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದ ಅವರಿಗೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು ಎನ್ನುತ್ತದೆ. ಲೆಕ್ಕ ಹಾಕಿದರೆ ಅವರ ದುಡಿಮೆಯ ದಿನ ಎಷ್ಟು ಉದ್ದ ಇರಬಹುದು ಎಂದು ತಿಳಿಯುತ್ತದೆ. ವಾರದ ರಜೆ ಎಂಬುದು ಗುತ್ತಿಗೆ ಮುಗಿಯುವವರೆಗೂ ಇರುವುದಿಲ್ಲ. ಟಿಪ್ಸ್ ಮೇಲೆ ಸಂಬಳ ನಿಲ್ಲಿಸುವ ಪದ್ಧತಿಯೇ ಸರಿಯಿಲ್ಲ ಎಂಬ ವಾದಕ್ಕೆ ನಾನೂ ಒಪ್ಪುತ್ತೇನೆ. ಆ ಸಿಟ್ಟನ್ನು ಕಂಪನಿಗೆ ಪತ್ರ ಬರೆದು ತೀರಿಸಿಕೊಳ್ಳಬೇಕು, ಹಾಸಿಗೆ ಹಾಸುವವರ ಕೈಯಿಂದ ಕಿತ್ತುಕೊಂಡಲ್ಲ. ಟಿಕೆಟ್ ಕೊಳ್ಳುವಾಗಲೇ ಈ ಮೊತ್ತವನ್ನು ಖರ್ಚಿನಲ್ಲಿ ಸೇರಿಸಿಕೊಂಡರೆ ಕೊನೆಗೆ ಬೇಜಾರಾಗುವುದಿಲ್ಲ.

ಮಂಗಳೂರು, ಉಡುಪಿ, ಗೋವಾ ಕಡೆಯ ಸಿಬ್ಬಂದಿ ಹಡಗುಗಳಲ್ಲಿ ಸಿಗುತ್ತಾರೆ. ಅವರ ಹೆಸರಿನ ಬ್ಯಾಡ್ಜಿನ ಮೇಲೆ ಊರೋ ದೇಶವೋ ಬರೆದಿರುತ್ತದೆ. ತುಳು, ಕೊಂಕಣಿ, ಕನ್ನಡದಲ್ಲಿ ಎರಡು ಮಾತಾಡಿದರೆ ಅವರ ಮುಖ ಅರಳುತ್ತದೆ. ಆ ಸಲಿಗೆಯಲ್ಲಿ 'ನಮ್ಮೂರವರಲ್ವಾ, ಸ್ವಲ್ಪ ನೋಡ್ಕೊಳ್ಳಿ' ಎಂದು ನಿಯಮ ಮೀರಿದ ಸಹಾಯ ಕೇಳಬೇಡಿ. ಕೆಲಸ ಕಳೆದುಕೊಳ್ಳುವವರು ಅವರು.

ಎಲ್ಲರೂ ಔಪಚಾರಿಕ ಉಡುಪಿನಲ್ಲಿ ಊಟಕ್ಕೆ ಬರುವ ಫಾರ್ಮಲ್ ನೈಟ್‌ಗೆ ಸೂಟ್ ಇಲ್ಲ. ಪಂಚೆ-ಶಲ್ಯ, ರೇಷ್ಮೆ ಸೀರೆ ನಡೆಯುತ್ತದೆಯೇ?

ಚೆನ್ನಾಗಿ ನಡೆಯುತ್ತದೆ. ಉಡುಪಿನ ವಿಷಯದಲ್ಲಿ ಹೆಚ್ಚು ಬಿಗಿಯಾಗಿರುವ ಕ್ಯುನಾರ್ಡ್‌ನಂಥ ಕಂಪನಿಯೂ ಆಯಾ ದೇಶದ ಔಪಚಾರಿಕ ಉಡುಪನ್ನು ಒಪ್ಪುತ್ತದೆ. ಬರ್ಮುಡಾ ಚಡ್ಡಿ, ಬಾತ್‌ರೂಮ್ ಚಪ್ಪಲಿಯಲ್ಲಿ ಊಟದ ಹಾಲ್‌ಗೆ ಬಂದವರನ್ನು ಈಗ ಹಲವು ಹಡಗುಗಳಲ್ಲಿ ತಡೆಯುವುದಿಲ್ಲ. ವರ್ಷಕ್ಕೊಮ್ಮೆ ಚೆನ್ನಾಗಿ ಉಟ್ಟು ಬಂದ ಪಕ್ಕದ ಮೇಜಿನ ದಂಪತಿಗೆ ಅದರಿಂದ ಬೇಸರವಾಗುತ್ತದೆ. ಆ ರಾತ್ರಿ ಅಲಂಕಾರ ಬೇಡ ಎನಿಸಿದರೆ ಬಫೆ ತೆರೆದೇ ಇರುತ್ತದೆ.

ಲಿಫ್ಟ್?

ಒಳಗಿರುವವರು ಇಳಿಯಲಿ, ಆಮೇಲೆ ಹತ್ತಿ. ಗಾಲಿಕುರ್ಚಿಯವರಿಗೆ ಮೊದಲು ಜಾಗ ಬಿಡಿ.

ನಮ್ಮದು ಮೂವತ್ತು ಜನರ ಗುಂಪು. ಗಲಾಟೆ ಸಹಜ ಅಲ್ಲವೇ?

ಡೆಕ್ ಮೇಲೆ, ಹಗಲಿನಲ್ಲಿ, ಸಹಜ. ಕ್ಯಾಬಿನ್‌ಗಳ ಮುಂದಿನ ಕಾರಿಡಾರಿನಲ್ಲಿ ಅಲ್ಲ. ಗೋಡೆಗಳು ತೆಳು, ಬಾಗಿಲು ಬಿಟ್ಟರೆ ತಾನಾಗಿಯೇ ಧಡ್ ಎಂದು ಬಡಿಯುತ್ತದೆ, ಕೈಯಲ್ಲಿ ಹಿಡಿದು ಮುಚ್ಚಬೇಕು. ರಾತ್ರಿ ಹನ್ನೊಂದಕ್ಕೆ ಎದುರುಬದುರು ಕ್ಯಾಬಿನ್‌ಗಳ ಬಾಗಿಲು ತೆರೆದಿಟ್ಟು ಹರಟೆ ಹೊಡೆಯುವುದು ನಮ್ಮವರ ದೊಡ್ಡ ಅಭ್ಯಾಸ. ಅದನ್ನು ಬಿಡಲೇಬೇಕು. ಬಾಲ್ಕನಿಯಲ್ಲಿ ಸ್ಪೀಕರ್ ಹಾಕಿ ವಾಟ್ಸ್‌ಆ್ಯಪ್ ವೀಡಿಯೊ ಕಾಲ್ ಮಾಡಿದರೆ ಮೇಲೆ, ಕೆಳಗೆ, ಎಡ, ಬಲ ನಾಲ್ಕೂ ಮನೆಯವರಿಗೆ ನಿಮ್ಮ ಸಂಸಾರದ ಸಮಾಚಾರ ಕೇಳಿಸುತ್ತದೆ. ಅಲಾಸ್ಕಾದ ಗ್ಲೇಶಿಯರ್ ಬೇನಲ್ಲಿ ಹಡಗು ನಿಧಾನವಾಗುವಾಗ ಇನ್ನೂ ಹೆಚ್ಚು ಎಚ್ಚರ ಬೇಕು. ಅಲ್ಲಿಗೆ ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗುಗಳಿಗೆ ಪ್ರವೇಶ. ರಾಷ್ಟ್ರೀಯ ಉದ್ಯಾನದ ರೇಂಜರುಗಳು ಹಡಗು ಹತ್ತಿ ವಿವರಣೆ ಕೊಡುತ್ತಾರೆ. ಹಿಮನದಿಯ ತುಂಡು ಒಡೆದು ಬೀಳುವಾಗ ಬರುವ ಗುಡುಗಿನಂಥ ಸದ್ದನ್ನು ಕೇಳಲೆಂದೇ ಜನ ಉಸಿರು ಬಿಗಿಹಿಡಿದು ನಿಂತಿರುತ್ತಾರೆ.

ಬಂದರಿನಲ್ಲಿ ಇಳಿದು ಹಡಗಿಗೆ ಹಿಂದಿರುಗುವುದು ಹತ್ತು ನಿಮಿಷ ತಡವಾದರೆ ಕಾಯುತ್ತಾರಾ?

ಕಾಯುತ್ತಾರೆಂದು ನಂಬಬೇಡಿ. ಸಾಮಾನ್ಯವಾಗಿ ಹೊರಡುವ ಅರ್ಧ ಗಂಟೆ ಮುಂಚೆ ಎಲ್ಲರೂ ಹಡಗಿನಲ್ಲಿರಬೇಕು. ಹಡಗಿನ ಸಮಯವೂ ಊರಿನ ಸಮಯವೂ ಬೇರೆ ಇರಬಹುದು, ಫೋನು ಸ್ಥಳೀಯ ಸಮಯಕ್ಕೆ ತಾನೇ ಬದಲಾಗಿಬಿಡುತ್ತದೆ. ಹಾಗಾಗಿ ಹಡಗಿನ ಸಮಯಕ್ಕೆ ಹೊಂದಿಸಿದ ಕೈಗಡಿಯಾರ ಕಟ್ಟಿಕೊಳ್ಳಿ. ಕಂಪನಿಯ ಮೂಲಕವೇ ಬುಕ್ ಮಾಡಿದ ಪ್ರವಾಸ ತಡವಾದರೆ ಹಡಗಿನವರು ಕಾಯುತ್ತಾರೆ, ಇಲ್ಲವೇ ಮುಂದಿನ ಬಂದರಿಗೆ ತಲುಪಿಸುವ ವ್ಯವಸ್ಥೆ ಮಾಡುತ್ತಾರೆ. ನೀವಾಗಿಯೇ ಟ್ಯಾಕ್ಸಿ ಹಿಡಿದು ಹೋಗಿದ್ದರೆ ಖರ್ಚು, ವೀಸಾ, ವಿಮಾನ ಎಲ್ಲ ನಿಮ್ಮ ತಲೆಯ ಮೇಲೆ. ಭಾರತದ ಪಾಸ್‌ಪೋರ್ಟಿಗೆ ಮುಂದಿನ ದೇಶದ ವೀಸಾ ಇಲ್ಲದಿದ್ದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಪಾಸ್‌ಪೋರ್ಟಿನ ಫೋಟೋ ಫೋನಿನಲ್ಲಿರಲಿ.

ಇಳಿಯುವ ಊರುಗಳಲ್ಲಿ ಗಮನಿಸಬೇಕಾದದ್ದು?

ಲಕ್ಷದ್ವೀಪದಲ್ಲಿ ಹವಳದ ಚೂರು ಎತ್ತಿಕೊಂಡು ಬರುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ದಡದಲ್ಲಿ ಸತ್ತು ಬಿದ್ದಿದ್ದರೂ ಮುಟ್ಟಬೇಡಿ. ಜನವಸತಿಯ ದ್ವೀಪಗಳಲ್ಲಿ ಮದ್ಯಕ್ಕೆ ನಿಷೇಧವಿದೆ, ಹಡಗಿನಲ್ಲಿ ಕುಡಿದು ಇಳಿಯುವುದೂ ಅಲ್ಲಿನವರಿಗೆ ನೋವು ಕೊಡುತ್ತದೆ. ಬಾರ್ಬಡೋಸ್, ಜಮೈಕಾಗಳಲ್ಲಿ ಸೈನಿಕರ ಸಮವಸ್ತ್ರದಂಥ ಚಿತ್ತಾರದ (ಕ್ಯಾಮೊಫ್ಲಾಜ್) ಬಟ್ಟೆ ಸಾಮಾನ್ಯರು ಹಾಕುವಂತಿಲ್ಲ, ಮಕ್ಕಳ ಪ್ಯಾಂಟು ಕೂಡ ನೋಡಿಕೊಳ್ಳಿ. ಬಫೆಯ ಬಾಳೆಹಣ್ಣು, ಸೇಬು ಚೀಲದಲ್ಲಿಟ್ಟು ಇಳಿದರೆ ಅನೇಕ ದೇಶಗಳಲ್ಲಿ ದಂಡ ಬೀಳುತ್ತದೆ. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ವಿದೇಶಿ ಹಡಗುಗಳವರು ಕುದ್ರೋಳಿ ದೇವಸ್ಥಾನಕ್ಕೋ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೋ ಹೋದಾಗ ಚಪ್ಪಲಿ ಬಿಟ್ಟು, ಮೈಮುಚ್ಚುವ ಬಟ್ಟೆಯಲ್ಲಿ ಬರಲಿ ಎಂದು ನಾವು ಬಯಸುತ್ತೇವೆ. ಬೇರೆಯವರ ಊರಿನಲ್ಲಿ ಇಳಿಯುವಾಗ ಅವರೂ ನಮ್ಮಿಂದ ಅಷ್ಟನ್ನೇ ಬಯಸುತ್ತಾರೆ.

ಬೇರೆ ಪ್ರಯಾಣಿಕರು ನಿಯಮ ಮುರಿಯುತ್ತಿದ್ದರೆ ಯಾರಿಗೆ ಹೇಳಬೇಕು?

ಬಾಲ್ಕನಿಯಲ್ಲಿ ಸಿಗರೇಟು, ಕಂಬಿ ಹತ್ತಿದ ಮಗು, ಹೊಗೆಯ ವಾಸನೆ ಇಂಥವಕ್ಕೆ ಕ್ಯಾಬಿನ್ ಫೋನಿನಿಂದ ಕೂಡಲೇ ಕರೆ ಮಾಡಿ, ತುರ್ತು ನಂಬರು ಫೋನಿನ ಮೇಲೇ ಬರೆದಿರುತ್ತದೆ. ಗಲಾಟೆಗೆ ಗೆಸ್ಟ್ ಸರ್ವಿಸಸ್ ಕೌಂಟರು ರಾತ್ರಿಯೂ ತೆರೆದಿರುತ್ತದೆ, ಕ್ಯಾಬಿನ್ ನಂಬರು ಹೇಳಿದರೆ ಸೆಕ್ಯುರಿಟಿಯವರು ಬಂದು ಮಾತಾಡುತ್ತಾರೆ. ನೀವೇ ಹೋಗಿ ಬಾಗಿಲು ಬಡಿಯಬೇಡಿ. ಕೊನೆಯಲ್ಲಿ ಬರುವ ಅಭಿಪ್ರಾಯದ ಇಮೇಲ್‌ನಲ್ಲಿ 'ಕುರ್ಚಿ ನಿಯಮ ಜಾರಿಯಾಗಲಿಲ್ಲ' ಎಂದು ಬರೆಯುವಾಗ, ತಪ್ಪು ಆಡಳಿತದ್ದು ಎಂದು ಸ್ಪಷ್ಟವಾಗಿ ಹೇಳಿ, ಚೆನ್ನಾಗಿ ನೋಡಿಕೊಂಡ ಸಿಬ್ಬಂದಿಯ ಹೆಸರುಗಳನ್ನು ಬೇರೆಯಾಗಿ ಬರೆಯಿರಿ. ಹೆಸರು ಹಿಡಿದು ಬರೆದ ಹೊಗಳಿಕೆ ಅವರ ಮುಂದಿನ ಗುತ್ತಿಗೆಗೆ, ಬಡ್ತಿಗೆ ನೆರವಾಗುತ್ತದೆ.